ಕಾರು ನಿಂತಲ್ಲೇ ಇದೆ

ಚಿಲಿಕ್.

ಅರ್ಲೀನ್ ಕಣ್ಣು ಬಿಟ್ಟಳು. ಗಡಿಯಾರದಲ್ಲಿ ಮೂರು ಗಂಟೆ ಹತ್ತು ನಿಮಿಷ. ಕನಸಿರಬೇಕು ಎಂದುಕೊಂಡು ಮಗ್ಗುಲು ಬದಲಿಸಿದಳು. ಇನ್ನೇನು ನಿದ್ದೆ ಹತ್ತಬೇಕು ಎನ್ನುವಾಗ ಮತ್ತೆ ಅದೇ ಸಣ್ಣ ಸದ್ದು. ಚಿಲಿಕ್.

ಹೊಗೆ ಅಲಾರಂ. ಬ್ಯಾಟರಿ ಮುಗಿಯುತ್ತ ಬಂದಾಗ ನಿಮಿಷಕ್ಕೊಮ್ಮೆ ಹೀಗೆ ಚಿಲಿಕ್ಕೆಂದು ನೆನಪಿಸುವುದು ಅದರ ಕೆಲಸ. ಹಗಲೆಲ್ಲ ಬಾಯಿ ಮುಚ್ಚಿಕೊಂಡಿದ್ದು ನಡುರಾತ್ರಿಯೇ ನೆನಪಿಸುವುದು ಅದರ ಕೆಟ್ಟ ಬುದ್ಧಿ. ಅರ್ಲೀನ್ ಅಡುಗೆಮನೆಯಿಂದ ಕುರ್ಚಿ ಎಳೆದು ತಂದಳು, ಹತ್ತಿದಳು, ಅದನ್ನು ಛಾವಣಿಯಿಂದ ತಿರುಚಿ ಬಿಡಿಸಿದಳು, ಹೊಟ್ಟೆಯೊಳಗಿನ ಚೌಕ ಬ್ಯಾಟರಿಯನ್ನು ಕಿತ್ತು ಮೇಜಿನ ಮೇಲಿಟ್ಟಳು. ದೀಪ ಆರಿಸಿ ಮಲಗಿದಳು. ನಲವತ್ತೆರಡು ಎಣಿಸುವಷ್ಟರಲ್ಲಿ, ಚಿಲಿಕ್.

ಬ್ಯಾಟರಿ ತೆಗೆದ ಮೇಲೂ ಒಳಗೆ ಉಳಿದ ಕರೆಂಟು ತೀರುವವರೆಗೆ ಇವು ಕೂಗುವುದುಂಟು ಎಂದು ಕಟ್ಟಡ ನೋಡಿಕೊಳ್ಳುವ ಒಸ್ವಾಲ್ಡೊ ಒಮ್ಮೆ ಹೇಳಿದ್ದ. ಅರ್ಲೀನ್ ಮತ್ತೆ ಎದ್ದು ಅದನ್ನು ಸ್ನಾನದ ಟವೆಲ್ಲಿನಲ್ಲಿ ಸುತ್ತಿ, ಅದರ ಮೇಲೆ ಇನ್ನೊಂದು ಟವೆಲ್ ಸುತ್ತಿ, ಒಗೆಯುವ ಬಟ್ಟೆಯ ಬುಟ್ಟಿಯ ತಳದಲ್ಲಿಟ್ಟು, ಮೇಲೊಂದು ಕೋಟು ಹೇರಿದಳು. ಹಸುಗೂಸಿಗೂ ಯಾರೂ ಅಷ್ಟು ಬೆಚ್ಚಗೆ ಹೊದಿಸಿರಲಾರರು. ಸದ್ದು ಸ್ವಲ್ಪ ಕಡಿಮೆಯಾದಂತೆ ಅನ್ನಿಸಿತು. ಅನ್ನಿಸಿತು, ಅಷ್ಟೆ.

ಗೋಡೆಯಾಚೆ ಪಕ್ಕದ ಮನೆಯ ಸಿರಾನುಶ್ ಹಾಯಾಗಿ ನಿದ್ರಿಸುತ್ತಿದ್ದರು. ಎಂಬತ್ತೊಂದರ ಆ ಆರ್ಮೇನಿಯನ್ ಮುದುಕಿ ಕಿವಿಯ ಯಂತ್ರ ಬಿಚ್ಚಿಟ್ಟು ಮಲಗುವವರು. ಹಗಲು ಅದನ್ನು ಹಾಕಿಕೊಂಡಾಗಲೂ ಸಣ್ಣ ಸದ್ದು ಅವರಿಗೆ ಕೇಳಿಸುತ್ತಿರಲಿಲ್ಲ; ಪಕ್ಕದ ಮನೆಯ ಸುದ್ದಿ ಮಾತ್ರ ಒಂದೂ ತಪ್ಪುತ್ತಿರಲಿಲ್ಲ.

ಐದು ಗಂಟೆಗೆ ಅರ್ಲೀನ್ ಸೋತಳು. ಅವಳಿಗೆ ಐವತ್ತೆಂಟು. ಇಪ್ಪತ್ತೆರಡು ವರ್ಷದಿಂದ ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಫೋನು ಎತ್ತುವ ಕೆಲಸ. ಊರಿನಲ್ಲಿ ಯಾರ ಹಲ್ಲು ನೋವೆದ್ದರೂ ಮೊದಲ ನರಳಾಟ ಅವಳ ಕಿವಿಗೆ. ಸಂಜೆ ಮನೆಗೆ ಬಂದರೆ ಸಿರಾನುಶ್. ನಡುವೆ ಕಾರು ನಿಲ್ಲಿಸಲು ಜಾಗ ಹುಡುಕುತ್ತ ಸುತ್ತುವ ನಲವತ್ತು ನಿಮಿಷ ಮಾತ್ರ ಅವಳ ಸ್ವಂತದ್ದು. ಇವತ್ತು ಒಂದು ದಿನ, ಒಂದೇ ದಿನ, ಯಾರ ಮಾತೂ ಕೇಳದೆ ಇದ್ದರೆ ಹೇಗೆ ಎಂಬ ಯೋಚನೆ ಬಂದದ್ದೇ ಕೈ ಫೋನಿಗೆ ಹೋಯಿತು. ಕ್ಲಿನಿಕ್ಕಿನ ಸಂದೇಶ ಹಿಡಿದಿಡುವ ಯಂತ್ರದಲ್ಲಿದ್ದದ್ದು ಅವಳದೇ ದನಿ. ದಯವಿಟ್ಟು ನಿಮ್ಮ ತೊಂದರೆ ಹೇಳಿ, ಎಂದಿತು ಅದು ಬಹಳ ಮರ್ಯಾದೆಯಿಂದ. ಹೊಟ್ಟೆ ಕೆಟ್ಟಿದೆ, ಜ್ವರ ಬಂದಂತಿದೆ, ಇವತ್ತು ಬರಲಾರೆ ಎಂದು ಅರ್ಲೀನ್ ತನಗೆ ತಾನೇ ಸುಳ್ಳು ಹೇಳಿದಳು. ನಿದ್ದೆಗೆಟ್ಟ ಗಂಟಲಿನಿಂದ ಆ ಸುಳ್ಳು ಎಷ್ಟು ಚೆನ್ನಾಗಿ ಹೊರಬಂತೆಂದರೆ ಅವಳಿಗೇ ಗಾಬರಿಯಾಯಿತು.

ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು. ಕಡಲು ನೋಡಬೇಕು. ಮನೆಯಿಂದ ಕಡಲಿಗೆ ಹದಿನೈದು ಮೈಲಿ. ಅವಳು ಅದನ್ನು ನೋಡಿ ಒಂಬತ್ತು ವರ್ಷವಾಗಿತ್ತು. ಈ ಊರು ಹಂಚಿನ ಅಂಚು ಮೀರಿ ಹರಿದ ಹಿಟ್ಟಿನ ಹಾಗೆ ಬೆಳೆದದ್ದು. ಒಂದು ಮೂಲೆಯವರು ಇನ್ನೊಂದು ಮೂಲೆಗೆ ಹೋಗುವುದು ಮದುವೆಗೋ ಕೋರ್ಟಿಗೋ ಮಾತ್ರ. ಅವಸರವಿಲ್ಲದೆ, ಕಂಡಕಂಡಲ್ಲಿ ಇಳಿದು, ಲಾಸ್ ಏಂಜಲೀಸನ್ನು ನೆಂಟರ ಹಾಗೆ ನೋಡುತ್ತ ಸಂಜೆಯೊಳಗೆ ಕಡಲು ಸೇರುವುದು. ಒಬ್ಬಳೇ.

ಕಾರಿನಲ್ಲಿ ಹೋಗುವ ಮಾತೇ ಇರಲಿಲ್ಲ. ಹದಿನಾಲ್ಕು ಮನೆಯ ಆ ಕಟ್ಟಡಕ್ಕೆ ಆರೇ ಕಾರಿನ ಜಾಗ, ಅವಳದು ಬೀದಿಪಾಲು. ಹಿಂದಿನ ಸಂಜೆ, ಮಾರ್ಚ್ ತಿಂಗಳ ನಂತರ ಮೊದಲ ಸಲ, ಕಟ್ಟಡದ ಬಾಗಿಲಿಗೆ ನೇರವಾಗಿ ಮರದ ನೆರಳಿನಲ್ಲಿ ಜಾಗ ಸಿಕ್ಕಿತ್ತು. ಆ ಬದಿಯಲ್ಲಿ ಬೀದಿ ಗುಡಿಸುವ ಗಾಡಿ ಬರುವುದು ಮಂಗಳವಾರ. ಅಲ್ಲಿಯವರೆಗೆ ಯಾರೂ ಅಲುಗಿಸುವಂತಿಲ್ಲ. ಅಂಥ ಜಾಗವನ್ನು ಕಡಲಿಗೋಸ್ಕರ ಬಿಟ್ಟುಕೊಡುವಷ್ಟು ಹುಚ್ಚು ಅವಳಿಗೆ ಹಿಡಿದಿರಲಿಲ್ಲ. ಸಿರಾನುಶ್ ಅವರ ಮಗ ಹ್ರಾಚ್ ಪ್ರತಿ ಗುರುವಾರ ತಾಯಿಯನ್ನು ನೋಡಲು ಬಂದು ಅರ್ಧ ಗಂಟೆ ಬೀದಿ ಸುತ್ತುತ್ತಿದ್ದ. ಇವತ್ತು ಗುರುವಾರ. ತಾಯಿ ಬೆಳಗಿನಿಂದಲೇ ಕಿಟಕಿಯಲ್ಲಿರುತ್ತಾರೆ.

ಅರ್ಲೀನ್ ಕಾರಿನ ಕೀಲಿಯನ್ನು ಬಾಗಿಲ ಪಕ್ಕದ ಮೊಳೆಗೇ ಬಿಟ್ಟಳು. ಅಂಗಡಿಯವನಿಗೆ ತೋರಿಸಲು ಹಳೆಯ ಬ್ಯಾಟರಿಯನ್ನು ಚೀಲಕ್ಕೆ ಹಾಕಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು, ಸಿರಾನುಶ್ ಅವರ ಬಾಗಿಲನ್ನು ಕಳ್ಳಿಯಂತೆ ದಾಟಿ, ಕಸದ ಡಬ್ಬಗಳಿರುವ ಹಿಂಬದಿಯ ದಾರಿಯಿಂದ ಹೊರಬಿದ್ದಳು. ಹಿಂದೆ ಮನೆಯೊಳಗಿಂದ ಮತ್ತೊಮ್ಮೆ ಚಿಲಿಕ್ಕೆಂದಿತು. ಇನ್ನೂ ಸತ್ತಿಲ್ಲವಲ್ಲ ಇದು, ಎಂದುಕೊಂಡಳು.

ಮೊದಲ ಒಂದು ಗಂಟೆ ಸುಖವಾಗಿತ್ತು. ನೆಲದಡಿಯ ರೈಲಿನಲ್ಲಿ ಯಾರೂ ಅವಳ ಮುಖ ನೋಡಲಿಲ್ಲ. ಊರ ನಡುವೆ ಇಳಿದು, ಒಂದು ಅಂಗಡಿಯಲ್ಲಿ ಅದೇ ಥರದ ಹೊಸ ಬ್ಯಾಟರಿ ಕೊಂಡು, ಹಳೆಯದನ್ನು ಅಲ್ಲಿನ ಸತ್ತ ಬ್ಯಾಟರಿಗಳ ಡಬ್ಬಿಗೆ ಹಾಕಿದಳು. ಒಂದು ಕೆಲಸವಾಯಿತು. ಆಮೇಲೆ ದೊಡ್ಡ ಲೈಬ್ರರಿಗೆ ಹೋಗಿ, ಬಣ್ಣದ ಗುಮ್ಮಟದ ಕೆಳಗಿನ ಬೆಂಚಿನ ಮೇಲೆ ಕುಳಿತು ಕತ್ತೆತ್ತಿ ನೋಡುತ್ತಿದ್ದಳು. ಮೂವತ್ತು ವರ್ಷದಿಂದ ಈ ಊರಿನಲ್ಲಿದ್ದೂ ಇದನ್ನು ನೋಡಿರಲಿಲ್ಲ. ಕತ್ತು ನೋಯುವಷ್ಟು ನೋಡಿದಳು. ಆಗ ಫೋನು ನಡುಗಿತು. ಕ್ಲಿನಿಕ್ಕಿನ ಪಟ್ರೀಸ್. ಪಟ್ರೀಸ್ ಫೋನು ಎತ್ತದಿದ್ದರೆ ಮನೆಗೇ ಬರುವ ಜಾತಿ. ಅರ್ಲೀನ್ ಎತ್ತಿದಳು, ಲೈಬ್ರರಿಯಾದ್ದರಿಂದ ಪಿಸುಗುಟ್ಟಿದಳು.

"ಹೇಗಿದೀಯೇ ಅರ್ಲೀನ್? ನಿನ್ನ ಮೆಸೇಜು ಕೇಳಿ ಡಾಕ್ಟರೇ ಹೆದರಿಬಿಟ್ರು. ಸತ್ತೋರು ಫೋನ್ ಮಾಡಿದ ಹಾಗಿದೆ ಅಂದ್ರು."

"ಮಲಗಿದೀನಿ ಕಣೆ. ಸ್ವಲ್ಪ ಹೊತ್ತು ನಿದ್ದೆ ಬಂದ್ರೆ ಸರಿಹೋಗತ್ತೆ."

"ಅಯ್ಯೋ, ದನೀನೇ ಇಲ್ವಲ್ಲೇ ನಿಂಗೆ."

ಆ ಹೊತ್ತಿಗೆ ಲೈಬ್ರರಿಯ ಕಾವಲುಗಾರ, ಆರಡಿ ಎತ್ತರದ ಗಂಭೀರ ಮನುಷ್ಯ, ಅವಳ ಮೇಲೆ ಬಾಗಿ ನಿಂತ. "ಅಮ್ಮ, ಹೀಗೆಲ್ಲ ಮಾತಾಡೋ ಹಾಗಿಲ್ಲ. ಫೋನು ಇಡಿ. ಸುಮ್ನೆ ಇರಬೇಕು ನೀವು."

ಆ ಮಾತು ಪಟ್ರೀಸ್‌ಗೂ ಕೇಳಿಸಿತು. "ಯಾರೇ ಅದು ಗಂಡಸಿನ ದನಿ? ಡಾಕ್ಟರಾ?"

ಅರ್ಲೀನ್ ಹೂಂ ಅಂದಳು.

ಅದೇ ತಪ್ಪಾಯಿತು. ಈ ಊರಿನಲ್ಲಿ ಡಾಕ್ಟರರು ಮನೆಗೆ ಬರುವುದನ್ನು ಬಿಟ್ಟು ಎರಡು ತಲೆಮಾರಾಗಿತ್ತು. ಬಂದಿದ್ದಾರೆಂದರೆ ಎಂಥ ಕಾಯಿಲೆಯಿರಬೇಕು. ಹತ್ತು ನಿಮಿಷದಲ್ಲಿ ಆ ಮಾತು ಕ್ಲಿನಿಕ್ಕಿನ ಹಿಂದಿನ ಕೋಣೆಗೆ ಹೋಯಿತು, ಅಲ್ಲಿಂದ ಬಾಯಿ ತೆರೆದು ಕುಳಿತಿದ್ದ ರೋಗಿಗಳಿಗೆ ಹೋಯಿತು. ಅವರು ಬಾಯಿ ತೆರೆದೇ ಇದ್ದುದರಿಂದ ಏನೂ ಕೇಳಲಾಗಲಿಲ್ಲ, ಅಷ್ಟೇ ಪುಣ್ಯ.

ಮಧ್ಯಾಹ್ನ ಹಳೆಯ ಮಾರುಕಟ್ಟೆಯೊಳಗೆ ಪುಪುಸ ಎಂಬ ಚೀಸು ತುಂಬಿದ ರೊಟ್ಟಿ ಬೇಯಿಸುವ ಅಂಗಡಿಯ ಸಾಲಿನಲ್ಲಿ ನಿಂತಾಗ ಸಿರಾನುಶ್ ಕರೆದರು. ಸಿರಾನುಶ್ ಫೋನಿನಲ್ಲಿ ಮಾತಾಡುವುದು ಊರಿನ ಎರಡು ತುದಿಯ ನಡುವೆ ತಂತಿಯೇ ಇಲ್ಲದವರ ಹಾಗೆ. ಜಾನ್ ಎನ್ನುವುದು ಅವರ ಭಾಷೆಯ ಅಕ್ಕರೆಯ ಮಾತು.

"ಅರ್ಲೀನ್ ಜಾನ್, ನಾಲ್ಕು ಸಲ ಬಾಗಿಲು ಬಡಿದೆ. ಕೈ ನೋಯ್ತಿದೆ ನಂಗೆ. ಕಾರು ನಿಂತಲ್ಲೇ ಇದೆ, ನೀನು ಒಳಗಿದೀಯ, ಯಾಕೆ ತೆಗೀತಿಲ್ಲ?"

ಏಳು ಇಪ್ಪತ್ತಕ್ಕೆ ಹೊರಡಬೇಕಾದ ಕಾರು ಹೊರಡದ್ದನ್ನು ಸಿರಾನುಶ್ ಕಂಡಿದ್ದರು. ಎಂಟಕ್ಕೆ ಸ್ವಲ್ಪ ಸಿಟ್ಟು ಬಂದಿತ್ತು, ಹ್ರಾಚ್‌ನ ಜಾಗ ಹೋಯಿತೆಂದು. ಒಂಬತ್ತಕ್ಕೆ ಕಳವಳ ಶುರುವಾಗಿತ್ತು. ಕ್ಲಿನಿಕ್ಕಿಗೆ ಫೋನು ಮಾಡಿ ವಿಷಯ ತಿಳಿದುಕೊಂಡು, ಮೊಸರಿನ ಬಿಸಿ ಸೂಪು ಮಾಡಿ ತಂದು ಬಾಗಿಲ ಮುಂದೆ ನಿಂತಿದ್ದರು. ಅರ್ಲೀನ್ ಗಂಟಲು ಕುಗ್ಗಿಸಿ, ಏಳಲು ಶಕ್ತಿಯಿಲ್ಲ, ಬಾಗಿಲ ಹತ್ತಿರ ಇಟ್ಟು ಹೋಗಿ ಎಂದು ಬೇಡಿಕೊಂಡಳು. ಸಿರಾನುಶ್ ಒಪ್ಪಲಿಲ್ಲ. ಬರೀ ಸೂಪು ಸಾಕಾ, ಅಕ್ಕಿ ಗಂಜಿ ಮಾಡಲಾ, ಏನು ಸೇರುತ್ತದೆ ಹೇಳು ಎಂದು ಪಟ್ಟು ಹಿಡಿದರು.

ಅದೇ ಗಳಿಗೆಗೆ ಸಾಲಿನಲ್ಲಿ ಅವಳ ಸರದಿ ಬಂತು. ಕಾವಲಿಯ ಹಿಂದಿನ ಹೆಂಗಸು ಚಮಚ ಎತ್ತಿ, ಏನು ಬೇಕು ಎಂಬಂತೆ ಗಲ್ಲ ಮುಂದೆ ಮಾಡಿದಳು. ಹಿಂದೆ ಹನ್ನೊಂದು ಜನ. ಅರ್ಲೀನ್ ಫೋನಿನ ಬಾಯಿ ಮುಚ್ಚುವುದನ್ನು ಮರೆತು ಹೇಳಿಬಿಟ್ಟಳು:

"ಎರಡು ಕೊಡಿ, ಚೀಸು ಜಾಸ್ತಿ. ಮೇಲೆ ಮೆಣಸಿನಕಾಯಿ ಹಾಕಿ, ಖಾರ ಚುರ್ ಅನ್ನಬೇಕು."

ಸಿರಾನುಶ್ ಸುಮ್ಮನಾದರು. ಹತ್ತೊಂಬತ್ತು ವರ್ಷದ ನೆರೆಹೊರೆಯಲ್ಲಿ ಅವರು ಸುಮ್ಮನಾದದ್ದು ಅದೇ ಮೊದಲು. ಆಮೇಲೆ ಫೋನಿನಾಚೆ ಒಸ್ವಾಲ್ಡೊನನ್ನು ಕರೆದು ಹೇಳಿದ್ದು ಅರ್ಲೀನ್‌ಗೆ ಸ್ಪಷ್ಟವಾಗಿ ಕೇಳಿಸಿತು. "ಜ್ವರ ತಲೆಗೇರಿದೆ ಕಣಪ್ಪ. ಹೊಟ್ಟೆ ಕೆಟ್ಟೋಳು ಮೆಣಸಿನಕಾಯಿ ಕೇಳ್ತಿದಾಳೆ."

ಪುಪುಸ ಚೆನ್ನಾಗಿತ್ತು. ಆದರೆ ಕದ್ದು ತಿನ್ನುವವಳಿಗೆ ರುಚಿ ಅರ್ಧವೇ ಸಿಗುವುದು. ಮನೆಗೆ ಹಿಂತಿರುಗಿಬಿಡಲೇ ಎಂದು ಒಂದು ಸಲ ಅನ್ನಿಸಿತು. ಹಿಂತಿರುಗಿದರೆ ಬಾಗಿಲ ಮುಂದೆ ಸಿರಾನುಶ್ ಕುರ್ಚಿ ಹಾಕಿಕೊಂಡಿರುತ್ತಾರೆ. ಒಳಗಿರಬೇಕಾದವಳು ಹೊರಗಿನಿಂದ ಬರುವುದನ್ನು ನೋಡುತ್ತಾರೆ. ಕತ್ತಲಾಗುವವರೆಗೆ ದಾರಿಯಿಲ್ಲ. ಹಾಗಿದ್ದಮೇಲೆ ಕಡಲನ್ನಾದರೂ ನೋಡುವುದು. ಅರ್ಲೀನ್ ಪಶ್ಚಿಮಕ್ಕೆ ಹೋಗುವ ರೈಲು ಹತ್ತಿದಳು.

ಆ ರೈಲು ಬೀದಿಯ ಮೇಲೇ ಓಡುತ್ತದೆ. ಕಾರುಗಳ ಜೊತೆ ತಾನೂ ಕೆಂಪು ದೀಪಕ್ಕೆ ನಿಲ್ಲುತ್ತದೆ. ಟೈರಿನ ಅಂಗಡಿ, ಚರ್ಚು, ಡೋನಟ್ ಅಂಗಡಿ, ಮತ್ತೆ ಟೈರಿನ ಅಂಗಡಿ. ಊರು ಮುಗಿಯುವ ಸೂಚನೆಯೇ ಇಲ್ಲ. ಫೋನಿನಲ್ಲಿ ಇಪ್ಪತ್ಮೂರು ಮೆಸೇಜುಗಳಿದ್ದವು. ಪಟ್ರೀಸ್ ಒಂದು ಪಟ್ಟಿ ಮಾಡಿ ಎಲ್ಲರಿಗೂ ಕಳಿಸಿದ್ದಳು: ಅರ್ಲೀನ್‌ಗೆ ಯಾವ ಸಂಜೆ ಯಾರು ಊಟ ಒಯ್ಯುವುದು, ಯಾರು ಎಷ್ಟು ಹೊತ್ತು ಪಕ್ಕದಲ್ಲಿ ಕೂರುವುದು. ಎರಡು ವಾರದ ಹದಿನಾಲ್ಕು ಸಂಜೆಗೂ ಹೆಸರು ತುಂಬಿತ್ತು. ಮೂರನೆಯ ಸಂಜೆಗೆ ಸ್ವತಃ ಡಾಕ್ಟರರು. ಒಂದೇ ಒಂದು ದಿನ ಒಬ್ಬಳೇ ಇರಬೇಕೆಂದವಳು ಆ ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದಳು. ಬೇಡ ಎಂದು ಬರೆಯಲು ಬೆರಳು ಎತ್ತುವಷ್ಟರಲ್ಲಿ ಫೋನು ಕಪ್ಪಾಯಿತು. ರಾತ್ರಿ ಅದನ್ನು ಚಾರ್ಜಿಗೆ ಹಾಕಬೇಕಾದ ಹೊತ್ತಿನಲ್ಲಿ ಅವಳು ಅಲಾರಮಿಗೆ ಟವೆಲ್ ಹೊದಿಸುತ್ತಿದ್ದಳು.

ಮೊದಲು ಅದರ ಗುಂಡಿಯನ್ನು ಎರಡು ಸಲ ಒತ್ತಿ ನೋಡಿದಳು. ಆಮೇಲೆ ನಿಧಾನವಾಗಿ, ಬಿಗಿಯಾದ ಬೂಟು ಕಳಚಿದ ಹಾಗೆ, ಏನೋ ಸಡಿಲವಾಯಿತು. ತಾನು ಎಲ್ಲಿದ್ದೇನೆಂದು ಈಗ ಯಾರಿಗೂ ಗೊತ್ತಿಲ್ಲ. ಉಳಿದ ಐದು ನಿಲ್ದಾಣ ಅವಳು ಕಿಟಕಿಗೆ ತಲೆಯಾನಿಸಿ ಸುಖವಾಗಿ ನಿದ್ದೆ ಮಾಡಿದಳು.

ಕಡಲಿರಲಿಲ್ಲ.

ಇರಲಿಲ್ಲವೆಂದರೆ, ಪ್ರತಿ ಜೂನ್ ತಿಂಗಳೂ ದಡಕ್ಕೆ ಕವಿಯುವ ಮಂಜು ಅದನ್ನು ಪೂರ್ತಿ ನುಂಗಿತ್ತು. ಮರಳಿನ ಮೇಲೆ ಇಪ್ಪತ್ತು ಹೆಜ್ಜೆಯಾಚೆಗೆ ಎಲ್ಲ ಬಿಳಿ, ಒಗೆದು ಹರವಿದ ದುಪ್ಪಟಿಯ ಹಿಂದೆ ನಿಂತಂತೆ. ಎಲ್ಲೋ ಮುಂದೆ ಅಲೆ ಮುರಿಯುವ ಸದ್ದು ಮಾತ್ರ ಬರುತ್ತಿತ್ತು. ಮೂವತ್ತು ವರ್ಷದ ಲಾಸ್ ಏಂಜಲೀಸಿನವಳು ಜೂನಿನಲ್ಲಿ ಕಡಲು ನೋಡಲು ಹೊರಟಿದ್ದಳು. ಮಗು ಕೂಡ ಮಾಡದ ತಪ್ಪು. ಕಾರಣವಿತ್ತು, ಅವಳ ಬೀದಿಯಲ್ಲಿ ಹತ್ತು ಗಂಟೆಗೇ ಬಿಸಿಲಿರುತ್ತಿತ್ತು, ಕಡಲೂ ಅಷ್ಟೇ ಬೇಗ ಏಳುತ್ತದೆಂದು ಭಾವಿಸಿದ್ದಳು.

ಮರಳಿನಲ್ಲಿ ಒಬ್ಬ ಅಜ್ಜ ಲೋಹ ಹುಡುಕುವ ಕೋಲನ್ನು ಅತ್ತಿತ್ತ ಆಡಿಸುತ್ತಿದ್ದ. ಅದು ಕುಂಯ್ ಎನ್ನುವುದು, ಅವನು ಅಗೆಯುವುದು, ಬಾಟಲಿಯ ಮುಚ್ಚಳ ಸಿಗುವುದು. ಮಂಜು ಯಾವಾಗ ಸರಿಯುತ್ತದೆಂದು ಅರ್ಲೀನ್ ಕೇಳಿದಳು.

"ನಾಲ್ಕು ಗಂಟೆಗೆ ಸರಿಯತ್ತೆ ನೋಡಿ," ಎಂದ.

"ದಿನಾ ಸರಿಯುತ್ತಾ?"

"ದಿನಾ ಹಾಗೇ ಅನ್ಕೋತೀನಿ."

ಅವಳು ಚೀಲವನ್ನು ದಿಂಬು ಮಾಡಿಕೊಂಡು ಒರಗಿದಳು. ನಾಲ್ಕಾಯಿತು, ನಾಲ್ಕೂವರೆಯಾಯಿತು. ಅಜ್ಜನ ಕೋಲು ಒಮ್ಮೆ ಕ್ಷೀಣವಾಗಿ ಕುಂಯ್ಗುಟ್ಟಿ ನಿಂತುಹೋಯಿತು. ಅವನು ಅದರ ಹೊಟ್ಟೆ ತೆಗೆದು ನೋಡಿ, ಸತ್ತ ಮೀನನ್ನು ನೋಡುವ ಹಾಗೆ ತಲೆಯಾಡಿಸಿದ. ಒಳಗಿದ್ದದ್ದು ಚೌಕ ಬ್ಯಾಟರಿ. ಅರ್ಲೀನ್ ಏನೂ ಯೋಚಿಸದೆ ಚೀಲದಿಂದ ಹೊಸದನ್ನು ತೆಗೆದು ಕೊಟ್ಟಳು. ಇಷ್ಟು ಹೊತ್ತಿಗೆ ಮನೆಯಲ್ಲಿದ್ದದ್ದು ಕೂಗಿ ಕೂಗಿ ಸತ್ತೇ ಹೋಗಿರುತ್ತದೆ. ನಾಳೆ ಇನ್ನೊಂದು ಕೊಂಡರಾಯಿತು. ಅಜ್ಜ ಸುಮ್ಮನೆ ತೆಗೆದುಕೊಳ್ಳುವವನಲ್ಲ. ಆ ದಿನ ತನಗೆ ಸಿಕ್ಕಿದ್ದರಲ್ಲಿ ಅತ್ಯುತ್ತಮವಾದದ್ದನ್ನು, ಒಂದು ಸೊಟ್ಟ ಟೀ ಚಮಚವನ್ನು, ಅವಳ ಕೈಗಿಟ್ಟು ಹೋದ.

ಐದಕ್ಕೆ ಅವಳು ಎದ್ದು ಸದ್ದಿನ ಕಡೆಗೆ ನಡೆದಳು. ನೀರು ಕಾಣುವ ಮೊದಲೇ ಚಪ್ಪಲಿಯೊಳಗೆ ಬಂತು. ಮಂಡಿಯವರೆಗೆ ಒದ್ದೆಯಾಗಿ ಅವಳು ಬಹಳ ಹೊತ್ತು ಅಲ್ಲೇ ನಿಂತಿದ್ದಳು. ಕಾಣದಿದ್ದರೂ ಅದು ಅಲ್ಲಿತ್ತು, ಏನನ್ನೂ ಕೇಳುತ್ತಿರಲಿಲ್ಲ. ಬೇರೆ ಯಾರೂ ಅವಳಿಗೆ ಇಷ್ಟು ಒಳ್ಳೆಯ ಜೊತೆ ಕೊಟ್ಟಿರಲಿಲ್ಲ.

ಬಸ್ಸಿಳಿದು ಮನೆಯ ಬೀದಿ ಸೇರುವಾಗ ಎಂಟಾಗುತ್ತಿತ್ತು. ಮೊದಲು ಕಂಡದ್ದು ಮರದ ನೆರಳಿನಲ್ಲಿ ನಿಂತಿದ್ದ ಹ್ರಾಚ್‌ನ ಕಾರು. ತನ್ನ ಕಾರೆಲ್ಲಿ ಎಂದು ಹುಡುಕುವಷ್ಟರಲ್ಲಿ ಮೆಟ್ಟಿಲ ಮೇಲಿನ ಗುಂಪು ಅವಳನ್ನು ಕಂಡಿತು. ಪಟ್ರೀಸ್ ಮುಚ್ಚಿದ ಪಾತ್ರೆ ಹಿಡಿದು ನಿಂತಿದ್ದಳು, ಅವಳ ಪಕ್ಕ ಒಸ್ವಾಲ್ಡೊ. ಕುರ್ಚಿಯಲ್ಲಿ ಸಿರಾನುಶ್, ಅತ್ತು ಕಣ್ಣು ಊದಿಸಿಕೊಂಡು. ಅವರ ಹಿಂದೆ ಅರ್ಲೀನ್‌ಳ ಬಾಗಿಲು ಚೌಕಟ್ಟಿನಿಂದ ಕಿತ್ತು ಗೋಡೆಗೆ ಒರಗಿತ್ತು.

ನಡೆದದ್ದನ್ನು ಮೂವರೂ ಒಟ್ಟಿಗೆ ಹೇಳಿದರು. ಎರಡು ಗಂಟೆಯ ಮೇಲೆ ಅವಳು ಫೋನೂ ಎತ್ತಲಿಲ್ಲ. ಒಸ್ವಾಲ್ಡೊ ಬಾಗಿಲಿಗೆ ಕಿವಿಯಿಟ್ಟರೆ ಹೊಗೆ ಅಲಾರಮಿನ ಚಿಲಿಕ್ ಕೇಳಿಸಿತು. ಪ್ರಜ್ಞೆಯಿರುವ ಯಾವ ಮನುಷ್ಯನೂ ಆ ಸದ್ದನ್ನು ಅರ್ಧ ದಿನ ಕೇಳಿಕೊಂಡು ಮಲಗಿರಲಾರ ಎಂದು ಅವನು ತೀರ್ಮಾನಿಸಿದ. ಕಳೆದ ವರ್ಷ ಅರ್ಲೀನ್ ಕಳ್ಳರಿಗೆ ಹೆದರಿ ಬೀಗ ಬದಲಿಸಿದವಳು ಅವನಿಗೆ ಹೊಸ ಕೀಲಿ ಕೊಟ್ಟಿರಲಿಲ್ಲ. ಸಿರಾನುಶ್ ಅಗ್ನಿಶಾಮಕದವರನ್ನು ಕರೆದರು, ಅವರು ಬಾಗಿಲು ಒಡೆದರು. ಒಳಗೆ ಕೆದರಿದ ಹಾಸಿಗೆ, ನೆಲದ ನಡುವೆ ಕುರ್ಚಿ, ಬಟ್ಟೆಬುಟ್ಟಿಯಲ್ಲಿ ಎರಡು ಟವೆಲ್ ಹೊದ್ದ ಅಲಾರಂ. ಅವಳಿಲ್ಲ. ಬೀದಿಗೆ ಅಡ್ಡ ನಿಂತಿದ್ದ ಅಗ್ನಿಶಾಮಕದವರ ಗಾಡಿಗೆ ಜಾಗ ಬೇಕೆಂದು ಒಸ್ವಾಲ್ಡೊ ಮೊಳೆಯಲ್ಲಿದ್ದ ಕೀಲಿ ತೆಗೆದು ಅರ್ಲೀನ್‌ಳ ಕಾರನ್ನು ನಾಲ್ಕು ಬೀದಿಯಾಚೆ ನಿಲ್ಲಿಸಿದ್ದ. ಅವರು ಹೋದ ಮೇಲೆ ಖಾಲಿ ಬಿದ್ದ ಜಾಗಕ್ಕೆ ಹ್ರಾಚ್ ಬಂದಿದ್ದ. ತಾಯಿ ಅಷ್ಟು ಅಳುತ್ತಿರುವಾಗ ಅವನು ಬೀದಿ ಸುತ್ತುವುದೂ ಸರಿಯಲ್ಲ.

ಅರ್ಲೀನ್ ಬಾಯಿ ತೆರೆದಳು. ಏನು ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದ್ದೆಲ್ಲ ಮರೆತುಹೋಗಿತ್ತು. ಆದರೆ ಅವಳು ಏನೂ ಹೇಳಬೇಕಾಗಿರಲಿಲ್ಲ.

"ಯಾವ ಆಸ್ಪತ್ರೆಗೆ ಹಾಕಿದ್ರು ನಿನ್ನ?" ಎಂದರು ಸಿರಾನುಶ್.

ಅದು ಅವರಿಗೆ ಆಗಲೇ ಇತ್ಯರ್ಥವಾಗಿತ್ತು. ಕಾರು ನಿಂತಲ್ಲೇ ಇದೆ, ಅವಳಿಲ್ಲ. ಈ ಊರಿನಲ್ಲಿ ಕಾರು ಬಿಟ್ಟು ಮನೆಯಿಂದ ಹೊರಹೋಗುವ ದಾರಿ ಒಂದೇ, ಆಂಬುಲೆನ್ಸು. ಮಧ್ಯಾಹ್ನ ಎಲ್ಲರೂ ಸೂಪು ಬಿಸಿಮಾಡಲು ಒಳಗೆ ಹೋದ ಹತ್ತು ನಿಮಿಷದಲ್ಲಿ ಬಂದು ಹೊತ್ತೊಯ್ದಿರಬೇಕು. ಪಟ್ರೀಸ್ ಆರು ಆಸ್ಪತ್ರೆಗೆ ಫೋನು ಮಾಡಿದ್ದಳು; ಮನೆಯವರಲ್ಲದವರಿಗೆ ಯಾರೂ ಏನೂ ಹೇಳಿರಲಿಲ್ಲ, ಅದರಿಂದ ಅನುಮಾನ ಇನ್ನೂ ಗಟ್ಟಿಯಾಗಿತ್ತು.

"ಮುಖ ನೋಡ್ರೋ, ಹೇಗೆ ಕೆಂಪಗೆ ಸುಡ್ತಿದೆ," ಎಂದಳು ಪಟ್ರೀಸ್. ಮಂಜಿನೊಳಗಿನ ಬಿಸಿಲು ಕಾಣದೇ ಸುಡುತ್ತದೆ. ಅರ್ಲೀನ್‌ಳ ಮೂಗು ಟೊಮ್ಯಾಟೊ ಆಗಿತ್ತು. "ಬಿಟ್ರಲ್ಲ ಇಂಥ ಸ್ಥಿತೀಲಿ. ಯಾರು ಕರ್ಕೊಂಡ್ ಬಂದ್ರು?"

ಅರ್ಲೀನ್ ನಿಜವನ್ನೇ ಹೇಳಿದಳು. "ಬಸ್ಸಲ್ಲಿ ಬಂದೆ."

ಪಟ್ರೀಸ್ ಪಾತ್ರೆ ಕೆಳಗಿಟ್ಟಳು. ಆಮೇಲೆ ಎಲ್ಲರೂ ಆ ಹೆಸರಿಲ್ಲದ ಆಸ್ಪತ್ರೆಯನ್ನು ಬೈಯತೊಡಗಿದರು. ಜ್ವರದವಳನ್ನು ಬಸ್ಸಿಗೆ ಹತ್ತಿಸಿದ್ದಾರೆ. ಬಸ್ಸಿಗೆ. ಒಸ್ವಾಲ್ಡೊ ಟೋಪಿ ತೆಗೆದು ನಿಂತ. ಅವಳು ಎರಡು ಗಂಟೆ ಹೊತ್ತು ಸುಮ್ಮನೆ ಮಲಗಿದ್ದೆ ಎಂದಳು. ಎರಡು ಗಂಟೆ ಹೊತ್ತು ನೋಡುವವರಿರಲಿಲ್ಲ ಎಂದು ಪಟ್ರೀಸ್ ಕಣ್ಣೊರೆಸಿಕೊಂಡಳು. ಏನೂ ಕಾಣಲಿಲ್ಲ, ಎಲ್ಲ ಬರೀ ಬಿಳಿ ಎಂದಳು. ಸಿರಾನುಶ್ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. ಅವಳು ಆ ಸಂಜೆ ಆಡಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ, ಒಂದೂ ನಿಜವಾಗಿ ತಲುಪಲಿಲ್ಲ. ದಣಿವು ಎಷ್ಟಿತ್ತೆಂದರೆ ಬಿಡಿಸಿ ಹೇಳುವುದಕ್ಕಿಂತ ಜ್ವರ ಬಂದವಳಾಗಿರುವುದೇ ಸುಲಭವಾಗಿತ್ತು.

ಒಸ್ವಾಲ್ಡೊ ಕೆಮ್ಮಿದ. "ಮಿಸ್ ಅರ್ಲೀನ್, ಬಡಗಿ ಬರೋದು ಸೋಮವಾರ. ನಿಮ್ಮನೇಲಿ ಹೊಸಾ ಅಲಾರಂ ಎರಡು ಹಾಕಿದೀನಿ, ಹತ್ತು ವರ್ಷ ಕೂಗಲ್ಲ. ಬಾಗಿಲೇ ಇಲ್ದೆ ಮಲಗೋದು ಹೇಗೆ?"

"ನಮ್ಮನೇಲಿ ಮಲಗ್ತಾಳೆ," ಎಂದರು ಸಿರಾನುಶ್. "ಸೋಮವಾರದ ತನಕ. ಇನ್ನೇನು ಕೇಳೋದಿದೆ ಅದ್ರಲ್ಲಿ?"

ಕೇಳಲು ಏನೂ ಇರಲಿಲ್ಲ. ಎರಡು ಬಟ್ಟಲು ಮೊಸರಿನ ಸೂಪು, ಪಟ್ರೀಸಳ ಪಾತ್ರೆಯ ಅರ್ಧ, ಹ್ರಾಚ್ ಬಾಲ್ಯದಲ್ಲಿ ಕಾಯಿಲೆ ಬಿದ್ದ ಕಥೆಗಳು ಮೂರು. ಹತ್ತೂವರೆಗೆ ಸಿರಾನುಶ್ ಸೋಫಾದ ಮೇಲೆ ದುಪ್ಪಟಿ ಹಾಸಿ, ಅವಳ ಹಣೆ ಮುಟ್ಟಿ ನೋಡಿದರು.

"ಇಡೀ ದಿನ ನಿನ್ನ ಬಾಗಿಲಿಗೆ ಕಿವಿಯಿಟ್ಟಿದ್ದೆ ಜಾನ್," ಎಂದರು ಸಣ್ಣ ದನಿಯಲ್ಲಿ. "ಒಸ್ವಾಲ್ಡೊಗೆ ಕೇಳ್ತು, ನಂಗೆ ಕೇಳ್ಲಿಲ್ಲ. ಒಳಗೆ ನೀನು ಕೂಗ್ತಿದ್ರೂ ಈ ಹಾಳು ಕಿವಿಗೆ ಕೇಳ್ತಿರ್ಲಿಲ್ಲ ಅಂತ ಅಳು ಬಂತು."

ಕಿವಿಯ ಯಂತ್ರಗಳನ್ನು ಬಿಚ್ಚಿ ಗಾಜಿನ ಬಟ್ಟಲಿಗೆ ಹಾಕಿ, ದೀಪ ಆರಿಸಿ, ಒಳಗೆ ಹೋದರು. ಕ್ಷಣದಲ್ಲಿ ಗೊರಕೆ ಶುರುವಾಯಿತು.

ಅರ್ಲೀನ್ ಕತ್ತಲಲ್ಲಿ ಕಾಲು ಚಾಚಿದಳು. ಬೆರಳ ಸಂದಿಯಲ್ಲಿ ಇನ್ನೂ ಮರಳಿತ್ತು. ಕಣ್ಣು ತಾನಾಗಿ ಮುಚ್ಚಿತು. ಎರಡು ರಾತ್ರಿಯ ನಿದ್ದೆ ಒಟ್ಟಿಗೆ ಬರುತ್ತಿತ್ತು.

ಚಿಲಿಕ್.

ಅವಳು ಅಲ್ಲಾಡದೆ ಎಣಿಸಿದಳು. ನಲವತ್ತೊಂದು. ನಲವತ್ತೆರಡು. ಚಿಲಿಕ್. ಸದ್ದು ಬಂದದ್ದು ನೇರ ಅವಳ ತಲೆಯ ಮೇಲಿಂದ. ಕಣ್ಣು ತೆರೆದು ನೋಡಿದರೆ ಸಿರಾನುಶ್ ಅವರ ಛಾವಣಿಯಲ್ಲಿ, ವರ್ಷಗಳ ಒಗ್ಗರಣೆಯ ಹೊಗೆಗೆ ಹಳದಿಯಾದ ಒಂದು ಬಿಲ್ಲೆ, ಅದರಲ್ಲಿ ಸಾಸಿವೆಯಷ್ಟು ಕೆಂಪು ದೀಪ. ಅದರ ಪಕ್ಕದ ತೆಳು ಗೋಡೆಯಾಚೆಗೆ ಅವಳದೇ ಮಲಗುವ ಕೋಣೆ.

ಅವಳ ಅಲಾರಂ ಒಂದು ಸಲವೂ ಕೂಗಿರಲಿಲ್ಲ. ಅಂಗಡಿಯವನ ಡಬ್ಬಿಗೆ ಅವಳು ಹಾಕಿ ಬಂದ ಬ್ಯಾಟರಿ ನಿರಪರಾಧಿ. ಜೀವವಿದ್ದದ್ದನ್ನೇ ಸತ್ತವರ ಜೊತೆ ಸೇರಿಸಿದ್ದಳು. ಒಡೆದದ್ದು ತಪ್ಪು ಬಾಗಿಲು. ಮತ್ತು ಹೊಸ ಬ್ಯಾಟರಿ ಈಗ ಮಂಜಿನಲ್ಲಿ ಎಲ್ಲೋ ಬಾಟಲಿಯ ಮುಚ್ಚಳ ಹುಡುಕುತ್ತಿತ್ತು. ಚೀಲದಲ್ಲಿ ಉಳಿದದ್ದು ಸೊಟ್ಟ ಟೀ ಚಮಚ.

ಬೆಳಿಗ್ಗೆ ಒಸ್ವಾಲ್ಡೊಗೆ ಒಂದು ಮಾತು ಹೇಳಿದರೆ ಸಾಕು, ಏಣಿ ತರುತ್ತಾನೆ. ಏಣಿ ಹತ್ತಿದವನು ಅಲ್ಲೇ ನಿಂತು ಯೋಚಿಸುತ್ತಾನೆ. ಹಾಗಾದರೆ ನಿನ್ನೆ ಬಾಗಿಲಲ್ಲಿ ಕೇಳಿಸಿದ್ದು ಯಾವುದು ಎನ್ನುತ್ತಾನೆ. ಅಗ್ನಿಶಾಮಕದವರನ್ನು ಕರೆದದ್ದು ಯಾರು ಎಂಬ ಮಾತು ಬರುತ್ತದೆ. ಕಿವಿ ಹಾಳಾದದ್ದಕ್ಕೆ ಅತ್ತ ಮುದುಕಿ ಇನ್ನೊಮ್ಮೆ ಅಳುತ್ತಾರೆ. ಟವೆಲ್ಲಿನ ಮಾತು ಬರುತ್ತದೆ, ಆಸ್ಪತ್ರೆಯ ಮಾತು, ಬಸ್ಸಿನ ಮಾತು. ಕೊನೆಗೆ ಕಡಲಿನವರೆಗೂ ಬರುತ್ತದೆ. ಇಡೀ ದಿನದಲ್ಲಿ ಅವಳಿಗೆಂದು ಸಿಕ್ಕಿದ್ದು ಮಂಡಿಯವರೆಗಿನ ಆ ನೀರು ಒಂದೇ. ಅದನ್ನೂ ಹದಿನಾಲ್ಕು ಸಂಜೆ ಹದಿನಾಲ್ಕು ಜನಕ್ಕೆ ಬಿಡಿಸಿ ಹೇಳಬೇಕಾಗುತ್ತದೆ.

ಚಿಲಿಕ್.

ಸೋಮವಾರಕ್ಕೆ ಇನ್ನು ಮೂರು ರಾತ್ರಿ, ಇದನ್ನು ಬಿಟ್ಟು. ಅರ್ಲೀನ್ ಸೋಫಾದ ಎರಡು ದಿಂಬುಗಳನ್ನು ಎರಡು ಕಿವಿಗೆ ಒತ್ತಿಕೊಂಡಳು. ಬೆಳಿಗ್ಗೆ ಸಿರಾನುಶ್ ನಿದ್ದೆ ಬಂತಾ ಎಂದು ಕೇಳುತ್ತಾರೆ, ಬಂತು ಅನ್ನಬೇಕು. ಉಳಿದದ್ದನ್ನು ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿ, ಮತ್ತೆ ಒಂದರಿಂದ ಎಣಿಸತೊಡಗಿದಳು.